ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಟ್ಟರೆ ಕೆಸರಿನ ಸೀಸ, ಕ್ಯಾಡ್ಮಿಯಂ ಹೋಗುತ್ತದಾ?

ಶರಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಹೊನ್ನಾವರದ ಕಡೆಯವನು. ನಮ್ಮ ಯುವಕ ಸಂಘದಿಂದ ಹಿನ್ನೀರಿನ ಅಂಚಿಗೆ ಕಾಂಡ್ಲಾ ನೆಡುವ ಯೋಜನೆ ಇದೆ. ಜಾಗದ ಪಕ್ಕದಲ್ಲೇ ಬೋಟ್ ರಿಪೇರಿ ಮಾಡುವವರಿದ್ದಾರೆ. ಬೋಟಿನ ತಳ ಕೆರೆದ ಹಳೇ ಪೇಂಟ್, ಹಾಳಾದ ಬ್ಯಾಟರಿ, ಡೀಸೆಲ್ ಎಲ್ಲ ಅಲ್ಲೇ ಕೆಸರಿಗೆ ಬೀಳುತ್ತದೆ. ಸ್ವಲ್ಪ ಕೆಳಗೆ ಹೆಂಗಸರು ತಿನ್ನುವ ಚಿಪ್ಪು, ಅಂದರೆ ಬಳಚು ಹೆಕ್ಕುತ್ತಾರೆ.

ನೆರವು ಕೇಳುವ ಅರ್ಜಿಗೆ ನಮ್ಮವರೊಬ್ಬರು ಹೀಗೆ ಬರೆದಿದ್ದಾರೆ: "ಕಾಂಡ್ಲಾ ಮರಗಳು ಭಾರಲೋಹಗಳನ್ನು ಹೀರಿಕೊಂಡು ಕೆಸರನ್ನು ಶುದ್ಧ ಮಾಡುತ್ತವೆ." ಓದಲು ಚೆನ್ನಾಗಿದೆ. ಆದರೆ ನಿಜವೇ? ನಿಜವಾದರೆ ಯಾವ ಜಾತಿ ನೆಡಬೇಕು, ಎಷ್ಟು ವರ್ಷಕ್ಕೆ ಶುದ್ಧವಾಗುತ್ತದೆ? ತಿಳಿದವರು ಹೇಳಿ.

ಹಸಿರೇ ಉಸಿರು

ಖಂಡಿತ ನಿಜ. ಗಿಡಗಳಿಂದ ವಿಷ ತೆಗೆಯುವ ವಿಧಾನ ಹೊಸದೇನಲ್ಲ. ಚೆರ್ನೋಬಿಲ್ ಹತ್ತಿರದ ಕೊಳದಲ್ಲಿ ಸೂರ್ಯಕಾಂತಿ ಬೆಳೆಸಿ ವಿಕಿರಣ ವಸ್ತು ತೆಗೆಯಲು ನೋಡಿದ್ದರು. ಆರ್ಸೆನಿಕ್ ಹೀರುವ ಜರಿಗಿಡವೂ ಇದೆ. ಕಾಂಡ್ಲಾ ಉಪ್ಪುನೀರಲ್ಲೇ ಬದುಕುವ ಗಟ್ಟಿ ಮರ, ಅದಕ್ಕೆ ಸೀಸ ಯಾವ ಲೆಕ್ಕ? ಸುಮ್ನೆ ನೆಡಿ ಸರ್, ತಡ ಮಾಡಬೇಡಿ.

ಕೆಸರುಮನೆ

ನೆಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಜಿಯ ಆ ವಾಕ್ಯ ತೆಗೆಯಿರಿ. ನಾನು ಅಳಿವೆಗಳ ಕೆಸರಿನಲ್ಲಿ ಲೋಹ ಅಳೆಯುವ ಕೆಲಸದಲ್ಲಿ ಇರುವವನು. ಸ್ವಲ್ಪ ಉದ್ದ ಬರೆಯುತ್ತೇನೆ.

ಜರಿಗಿಡದ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಟೆರಿಸ್ ವಿಟಾಟಾ ಎಂಬ ಆ ಜರಿ ಆರ್ಸೆನಿಕ್ಕನ್ನು ಎಲೆಗೇ ಏರಿಸಿಕೊಳ್ಳುತ್ತದೆ ಎಂದು 2001ರಲ್ಲಿ ತಿಳಿಯಿತು. ಎಲೆ ಕೊಯ್ದು ಬೇರೆ ಕಡೆ ಸಾಗಿಸಿದರೆ ಮಾತ್ರ ಮಣ್ಣಿನ ಆರ್ಸೆನಿಕ್ ಕಡಿಮೆ ಆಗುತ್ತದೆ. ಕೊಯ್ಯದಿದ್ದರೆ ಎಲೆ ಉದುರಿ, ಕೊಳೆತು, ವಾಪಸ್ ಅದೇ ಮಣ್ಣಿಗೆ. ಇನ್ನು ಕಾಂಡ್ಲಾ ಕೊಯ್ಯುವವರು ಯಾರು? ಕರಾವಳಿ ನಿಯಂತ್ರಣ ವಲಯದ ಕಾನೂನಿನಲ್ಲಿ ಅದಕ್ಕೆ ಅತಿ ಹೆಚ್ಚಿನ ರಕ್ಷಣೆ ಇದೆ. ಕೊಯ್ಯಲೂಬಾರದು.

ಎರಡನೇ ವಿಷಯ, ಕಾಂಡ್ಲಾ ಅಷ್ಟೊಂದು ಹೀರುವುದೇ ಇಲ್ಲ. ಬ್ರೆಜಿಲ್ ದೇಶದ ರಿಯೋ ಹತ್ತಿರ ಸೆಪೆಟಿಬಾ ಎಂಬ ಕೊಲ್ಲಿ ಇದೆ. ಅದರ ದಂಡೆಯಲ್ಲಿ ಇಂಗಾ ಎಂಬ ಸತುವಿನ ಕಾರ್ಖಾನೆ ದಶಕಗಟ್ಟಲೆ ನಡೆಯಿತು. ಸತು, ಕ್ಯಾಡ್ಮಿಯಂ ಮಳೆನೀರಿನ ಜೊತೆ ಕೊಲ್ಲಿಗೆ ಸೇರಿದವು. 1990ರ ದಶಕದ ಕೊನೆಯಲ್ಲಿ ಕಾರ್ಖಾನೆ ದಿವಾಳಿಯಾಯಿತು, ಕಸದ ಗುಡ್ಡ ಅಲ್ಲೇ ಉಳಿಯಿತು. ಅಲ್ಲಿನ ವಿಜ್ಞಾನಿಗಳು ಕೊಲ್ಲಿಯ ರೈಜೋಫೋರಾ ಎಂಬ ಕಾಂಡ್ಲಾ ಜಾತಿಯ ಕಾಡಿನಲ್ಲಿ ಮರ, ಬೇರು, ಎಲೆ, ಕೆಸರು ಎಲ್ಲ ಅಳೆದು 1990ರಲ್ಲಿ ಲೆಕ್ಕ ಪ್ರಕಟಿಸಿದರು. ಇಡೀ ಕಾಡಿನ ಲೋಹದಲ್ಲಿ ನೂರಕ್ಕೆ 99 ಪಾಲೋ ಅದಕ್ಕೂ ಜಾಸ್ತಿಯೋ ಕೆಸರಿನಲ್ಲೇ ಇತ್ತು. ಮರದಲ್ಲಿ ಇದ್ದದ್ದು ಚೂರು.

ನೀವೇ ಒಂದು ಅಂದಾಜು ಲೆಕ್ಕ ಹಾಕಿ ನೋಡಬಹುದು. ಒಂದು ಹೆಕ್ಟೇರ್ ಕಾಂಡ್ಲಾ, ಒಂದು ಮೀಟರ್ ಆಳದ ಕೆಸರು ಎಂದುಕೊಳ್ಳಿ. ಒಣ ತೂಕ ಸುಮಾರು 8,000 ಟನ್. ಕಿಲೋಗೆ 200 ಮಿಲಿಗ್ರಾಂ ಸತು ಇದ್ದರೆ ಕೆಸರಿನಲ್ಲಿ 1,600 ಕಿಲೋ ಸತು. ಮೇಲಿನ ಮರದ ಒಣ ತೂಕ 150 ಟನ್, ಅದರಲ್ಲಿ ಕಿಲೋಗೆ 20 ಮಿಲಿಗ್ರಾಂ ಎಂದರೂ 3 ಕಿಲೋ ಆಯಿತು. 1,600ರ ಮುಂದೆ 3. ಅಂಕಿಗಳನ್ನು ದುಪ್ಪಟ್ಟು ಮಾಡಿ, ಅರ್ಧ ಮಾಡಿ, ತೀರ್ಮಾನ ಬದಲಾಗುವುದಿಲ್ಲ.

ಹಾಗಾದರೆ ಕಾಂಡ್ಲಾ ಮಾಡುವ ಕೆಲಸ ಏನು? ಅದು ಕೆಸರನ್ನು ತಯಾರು ಮಾಡುತ್ತದೆ. ಬೇರುಗಳ ನಡುವೆ ಭರತದ ನೀರು ನಿಧಾನವಾಗುತ್ತದೆ, ನುಣ್ಣನೆ ಹೂಳು ಕೆಳಗೆ ಕೂರುತ್ತದೆ. ನೀರಿನಲ್ಲಿ ಬರುವ ಲೋಹದ ಬಹುಪಾಲು ಈ ಸಣ್ಣ ಕಣಗಳಿಗೇ ಅಂಟಿಕೊಂಡಿರುತ್ತದೆ. ಜೊತೆಗೆ ಎಲೆ, ಬೇರು ಕೊಳೆತು ಸಾವಯವ ವಸ್ತು ಸೇರುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಆಮೇಲೆ ಸಮುದ್ರದ ನೀರಿನ ಸಲ್ಫೇಟಿಗೆ ಕೈ ಹಾಕುತ್ತವೆ. ಸಮುದ್ರದ ನೀರಲ್ಲಿ ಸಲ್ಫೇಟ್ ಲೀಟರಿಗೆ 2.7 ಗ್ರಾಂನಷ್ಟು ಇರುತ್ತದೆ, ಕೊರತೆಯೇ ಇಲ್ಲ. ಅದರಿಂದ ಸಲ್ಫೈಡ್ ಹುಟ್ಟುತ್ತದೆ. ಕಾಂಡ್ಲಾ ಬುಡದಲ್ಲಿ ಕಾಲಿಟ್ಟರೆ ಬರುವ ಕೊಳೆತ ಮೊಟ್ಟೆ ವಾಸನೆ ಅದರದ್ದೇ. ಸೀಸ, ಸತು, ಕ್ಯಾಡ್ಮಿಯಂ, ತಾಮ್ರ ಇವೆಲ್ಲ ಸಲ್ಫೈಡ್ ಜೊತೆ ಸೇರಿ ನೀರಲ್ಲಿ ಕರಗದ ವಸ್ತುವಾಗಿ ಬಿಡುತ್ತವೆ. ಮೀನಿಗೂ ಗಿಡಕ್ಕೂ ಸುಲಭವಾಗಿ ಸಿಗುವುದಿಲ್ಲ.

ಊರ ಕಸವನ್ನೆಲ್ಲ ಒಂದು ಕೋಣೆಗೆ ತುಂಬಿ ಬೀಗ ಹಾಕಿದ ಹಾಗೆ. ಊರು ಚೊಕ್ಕ ಕಾಣುತ್ತದೆ, ಕಸ ಮಾತ್ರ ಅಲ್ಲೇ ಇದೆ.

ಶರಾವತಿ ದಂಡೆ

ಅಬ್ಬಾ, ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಅಂದರೆ "ಶುದ್ಧ" ಅನ್ನುವುದಕ್ಕಿಂತ "ಹಿಡಿದಿಡುತ್ತದೆ" ಅನ್ನಬೇಕು, ಅಲ್ವಾ?

ಹಸಿರೇ ಉಸಿರು

ಹಿಡಿದಿಟ್ಟರೂ ಲಾಭವೇ ತಾನೇ? ಲೋಹ ಕಡಲಿಗೆ ಹೋಗಿ ಎಲ್ಲೆಲ್ಲೋ ಹರಡುವುದು ತಪ್ಪಿತು. ಇಷ್ಟು ಕೂದಲು ಸೀಳಿದರೆ ಯಾರೂ ಗಿಡ ನೆಡುವುದಿಲ್ಲ ಮಾರಾಯ್ರೇ.

ರಸಾಯನ ಮೇಷ್ಟ್ರು

ಕೆಸರುಮನೆಯವರಿಗೆ ಒಂದು ಪ್ರಶ್ನೆ. ಕಾಂಡ್ಲಾ ಬೇರು ಉಸಿರಾಡುತ್ತದೆ. ಮೇಲಿನಿಂದ ಗಾಳಿ ಎಳೆದು ಕೆಳಗಿನ ಬೇರಿಗೆ ಕಳಿಸುತ್ತದೆ, ಅದರಲ್ಲಿ ಒಂದಿಷ್ಟು ಸುತ್ತಲಿನ ಕೆಸರಿಗೆ ಸೋರುತ್ತದೆ. ಏಡಿಗಳ ಬಿಲದಿಂದಲೂ ಗಾಳಿ ಇಳಿಯುತ್ತದೆ. ಆಮ್ಲಜನಕ ತಾಗಿದರೆ ಸಲ್ಫೈಡ್ ಉತ್ಕರ್ಷಣಗೊಂಡು ಲೋಹ ಮತ್ತೆ ಕರಗಬೇಕಲ್ಲ? ಹಾಗಿದ್ದರೆ ಮರ ಇಲ್ಲದ ಬರೀ ಕೆಸರೇ ಒಳ್ಳೆಯದು ಎಂದು ವಾದ ಮಾಡಬಹುದು.

ಕೆಸರುಮನೆ

ಒಳ್ಳೆ ಪ್ರಶ್ನೆ ಮೇಷ್ಟ್ರೇ. ಬೇರಿನ ಸುತ್ತ ಕೆಲವು ಮಿಲಿಮೀಟರ್ ಜಾಗದಲ್ಲಿ ನೀವು ಹೇಳಿದ್ದು ನಡೆಯುತ್ತದೆ. ಆದರೆ ಅಲ್ಲೇ ಇನ್ನೊಂದು ಕೆಲಸವೂ ನಡೆಯುತ್ತದೆ. ಕೆಸರಿನ ನೀರಿನಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕ ಸಿಕ್ಕ ಕೂಡಲೇ ತುಕ್ಕಾಗಿ ಬೇರಿನ ಮೇಲೆ ಕೂರುತ್ತದೆ. ಬೇರು ಕಿತ್ತು ತೊಳೆದರೆ ಕೆಂಪು-ಕಂದು ಪದರ ಕಾಣುತ್ತದೆ. ಬಿಡುಗಡೆಯಾದ ಲೋಹದಲ್ಲಿ ಒಳ್ಳೆ ಪಾಲು ಈ ಪದರಕ್ಕೇ ಅಂಟುತ್ತದೆ, ಆರ್ಸೆನಿಕ್ ಸಹ.

ಅದನ್ನೂ ದಾಟಿ ಬಂದದ್ದನ್ನು ಬೇರು ತಡೆಯುತ್ತದೆ. ಸಿಡ್ನಿ ಕಡೆಯ ಅವಿಸೆನಿಯಾ ಮರಿನಾ ಎಂಬ ಕಾಂಡ್ಲಾ ಜಾತಿಯ ಮೇಲೆ ನಡೆದ ಕೆಲಸದಲ್ಲಿ ಇದು ಚೆನ್ನಾಗಿ ಕಂಡಿದೆ. ತಾಮ್ರ, ಸತು ಗಿಡಕ್ಕೆ ಬೇಕಾದ ಪೋಷಕಾಂಶ, ಹಾಗಾಗಿ ಅವು ಎಲೆಗೆ ಒಂದಿಷ್ಟು ಏರುತ್ತವೆ. ಸೀಸ ಬಹುಮಟ್ಟಿಗೆ ಬೇರಿನಲ್ಲೇ ನಿಲ್ಲುತ್ತದೆ. ಅವಿಸೆನಿಯಾದ ಎಲೆಯ ಮೇಲೆ ಉಪ್ಪು ಹೊರಹಾಕುವ ಗ್ರಂಥಿಗಳಿವೆ. ಎಲೆ ನೆಕ್ಕಿ ನೋಡಿದವರಿಗೆ ಗೊತ್ತು. ಆ ಉಪ್ಪಿನ ಜೊತೆ ಸ್ವಲ್ಪ ಸತು, ತಾಮ್ರವೂ ಹೊರಬರುತ್ತದೆ. ಮಳೆ ಬಂದರೆ ತೊಳೆದು ಹೋಗುತ್ತದೆ.

ಹಾಗಾಗಿ ಒಟ್ಟು ಲಾಭವೋ ನಷ್ಟವೋ ಎಂಬುದು ಜಾಗದ ಮೇಲೆ ಹೋಗುತ್ತದೆ. ಎಷ್ಟು ಹೊತ್ತು ನೀರಲ್ಲಿ ಮುಳುಗಿರುತ್ತದೆ, ಕಬ್ಬಿಣ ಎಷ್ಟಿದೆ, ಯಾವ ಲೋಹ, ಮಳೆಗಾಲವೋ ಬೇಸಿಗೆಯೋ. ಬಹಳ ಕಡೆ ಮರವಿರುವ ಕೆಸರಿನಲ್ಲಿ ಒಟ್ಟು ಲೋಹ ಬರೀ ದಂಡೆಗಿಂತ ಜಾಸ್ತಿ ಸಿಗುತ್ತದೆ. ಅದನ್ನು ಕಂಡು ಕೆಲವರು ಕಾಂಡ್ಲಾದಿಂದಲೇ ಮಾಲಿನ್ಯ ಎನ್ನುತ್ತಾರೆ. ಅಲ್ಲಿ ಸಣ್ಣ ಕಣ ಜಾಸ್ತಿ ಕೂತಿದೆ, ಅದಕ್ಕೇ ಲೋಹ ಜಾಸ್ತಿ, ಅಷ್ಟೇ.

ಕಬ್ಬಿಣದ ವಿಷಯಕ್ಕೆ ಇನ್ನೊಂದು ಮುಖವೂ ಇದೆ. 2015ರ ನವೆಂಬರ್ 5ರಂದು ಬ್ರೆಜಿಲ್ಲಿನ ಮರಿಯಾನಾದಲ್ಲಿ ಫುಂಡಾವ್ ಎಂಬ ಗಣಿ ತ್ಯಾಜ್ಯದ ಕಟ್ಟೆ ಒಡೆಯಿತು. ಆ ಕೆಂಪು ಕೆಸರು ರಿಯೋ ದೋಸೆ ನದಿಯಲ್ಲಿ 600 ಕಿಲೋಮೀಟರಿಗೂ ಜಾಸ್ತಿ ಹರಿದು ಅಳಿವೆ ಮುಟ್ಟಿತು. ಲೋಹಗಳು ಕಬ್ಬಿಣದ ಆಕ್ಸೈಡಿಗೆ ಅಂಟಿ ಬಂದಿದ್ದವು. ಅಳಿವೆಯ ಆಮ್ಲಜನಕ ಇಲ್ಲದ ಕೆಸರಿನಲ್ಲಿ ಆ ಆಕ್ಸೈಡೇ ಕರಗತೊಡಗಿತು, ಅಂಟಿದ್ದ ಲೋಹವೂ ಬಿಡತೊಡಗಿತು. ಅಂದರೆ ಗಾಳಿ ತಾಗಿದರೆ ಸಲ್ಫೈಡ್ ಬಿಡುತ್ತದೆ, ಗಾಳಿ ಸಿಗದಿದ್ದರೆ ಕಬ್ಬಿಣ ಬಿಡುತ್ತದೆ. ಲೋಹ ಒಂದೇ ಜಾಗದಲ್ಲಿ ಶಾಶ್ವತವಾಗಿ ಕೂರುವುದು ಕಮ್ಮಿ.

ಗಜನಿ ಗದ್ದೆ

ಅಘನಾಶಿನಿ ಕಡೆಯವ ನಾನು. ರಸಾಯನಶಾಸ್ತ್ರ ಅರ್ಥವಾಗಲಿಲ್ಲ, ಆದರೆ ಗಾಳಿ ತಾಗಿದರೆ ಕೆಡುತ್ತದೆ ಅಂದಿರಲ್ಲ, ಅದು ಕಣ್ಣಾರೆ ಕಂಡದ್ದು. ನಮ್ಮ ಕಡೆ ಕೆಲವರು ಕಗ್ಗ ಭತ್ತ ಬಿಟ್ಟು ಸಿಗಡಿ ಕೆರೆ ತೋಡಿದರು. ಕಪ್ಪು ಕೆಸರು ಎತ್ತಿ ಬದು ಕಟ್ಟಿದರು. ಬೇಸಿಗೆಯಲ್ಲಿ ಆ ಬದುವಿನ ಮೇಲೆ ಹಳದಿ ಪುಡಿ ಎದ್ದಿತು. ಮೊದಲ ಮಳೆಗೆ ಅದೆಲ್ಲ ತೊಳೆದು ಕೆರೆಗೆ ಇಳಿದು ಸಿಗಡಿ ಸತ್ತಿತು. ಸುಣ್ಣ ಹಾಕಿ ಹಾಕಿ ಸಾಕಾಯಿತು. ಅದು ಇದೇ ಏನು?

ಕೆಸರುಮನೆ

ಅದೇ ಅಣ್ಣ, ನೂರಕ್ಕೆ ನೂರು. ಕಾಂಡ್ಲಾ ಕೆಸರಿನಲ್ಲಿ ಕಬ್ಬಿಣ ಮತ್ತು ಗಂಧಕ ಸೇರಿ ಪೈರೈಟ್ ಆಗಿರುತ್ತದೆ. ಮುಳುಗಿರುವಷ್ಟು ದಿನ ತೊಂದರೆ ಇಲ್ಲ. ಎತ್ತಿ ಒಣಗಿಸಿದರೆ ಗಂಧಕಾಮ್ಲವಾಗುತ್ತದೆ. ಹಳದಿ ಪುಡಿ ಜಾರೊಸೈಟ್ ಎಂಬ ಖನಿಜ, ಮಣ್ಣು ಬಹಳ ಹುಳಿಯಾದಾಗ ಮಾತ್ರ ಅದು ಕಾಣುತ್ತದೆ. ಹುಳಿಯ ಅಳತೆಯಾದ ಪಿಎಚ್ 4ಕ್ಕಿಂತ ಕೆಳಗೆ ಇಳಿದರೆ ಅಲ್ಯೂಮಿನಿಯಂ, ಸತು, ಕ್ಯಾಡ್ಮಿಯಂ ಎಲ್ಲ ಕರಗಿ ಹೊರಗೆ ಬರುತ್ತವೆ. ಕೇರಳದ ಕುಟ್ಟನಾಡಿನ ಕರಿ ಮಣ್ಣಿನ ರೈತರಿಗೂ ಇದೇ ಕಾಟ.

ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಮುಖ್ಯವಾದ ಮಾತು ಇದು. ಕಾಂಡ್ಲಾ ಇದ್ದಾಗ ಎಷ್ಟು ಲೋಹ ಹೀರುತ್ತದೆ ಎನ್ನುವುದಕ್ಕಿಂತ, ಕಡಿದಾಗ ಎಷ್ಟು ಲೋಹ ಬಿಡುತ್ತದೆ ಎನ್ನುವುದು ದೊಡ್ಡ ಪ್ರಶ್ನೆ. ಕಡಿದರೆ ಅಲೆ ಕೆಸರು ಕೊರೆಯುತ್ತದೆ. ಬಂದರಿಗೆಂದು ಹೂಳೆತ್ತಿದರೆ, ಮಣ್ಣು ತುಂಬಲು ಅಗೆದರೆ, ದಶಕಗಳ ಲೋಹಕ್ಕೆ ಒಂದೇ ಬೇಸಿಗೆಯಲ್ಲಿ ಗಾಳಿ ತಾಗುತ್ತದೆ. ಹೊಸದಾಗಿ ನೆಡುವುದಕ್ಕೆ ದುಡ್ಡು ಸಿಗುತ್ತದೆ, ಫೋಟೋ ಬರುತ್ತದೆ. ಇರುವುದನ್ನು ಮುಟ್ಟದೆ ಬಿಡುವುದಕ್ಕೆ ಯಾರೂ ಉದ್ಘಾಟನೆ ಮಾಡುವುದಿಲ್ಲ.

ಶರಾವತಿ ದಂಡೆಯವರೇ, ನಿಮಗೂ ಇದು ತಾಗುತ್ತದೆ. ಕಾಂಡ್ಲಾ ನೆಡಲು ಕೆಲವೆಡೆ ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿ ಭರತದ ನೀರು ಒಳಗೆ ಬಿಡುತ್ತಾರೆ. ತಮಿಳುನಾಡಿನ ಪಿಚಾವರಂನಲ್ಲಿ ಅದು ಚೆನ್ನಾಗಿ ಫಲ ಕೊಟ್ಟಿದೆ. ಆದರೆ ಬೋಟ್ ಯಾರ್ಡ್ ಪಕ್ಕದ ಕೆಸರಿನಲ್ಲಿ ಹಾಗೆ ತೋಡಬೇಡಿ.

ವಾಶಿ ಕನ್ನಡಿಗ

ನವಿ ಮುಂಬೈಯಿಂದ. ಥಾಣೆ ಖಾಡಿಯ ಪಕ್ಕದಲ್ಲೇ ಮನೆ. ಒಂದು ಕಡೆ ಥಾಣೆ-ಬೇಲಾಪುರ ಕೈಗಾರಿಕಾ ಪಟ್ಟಿ, ಇನ್ನೊಂದು ಕಡೆ ಮುಂಬೈಯ ಚರಂಡಿ. ಆದರೂ ಕಾಂಡ್ಲಾ ಎಷ್ಟು ದಟ್ಟ ಎಂದರೆ ಹೊಸಬರು ನೋಡಿ "ಪರಿಸರ ಎಷ್ಟು ಚೆನ್ನಾಗಿದೆ" ಅನ್ನುತ್ತಾರೆ. ಅವಿಸೆನಿಯಾ ಕೊಳಚೆಯಲ್ಲೂ ಹುಲುಸಾಗಿ ಬೆಳೆಯುತ್ತದೆ. ಕಾಡು ಹಸಿರಾಗಿದೆ ಅಂದ ಮಾತ್ರಕ್ಕೆ ಕೆಸರು ಚೊಕ್ಕ ಎಂದು ಅರ್ಥವಲ್ಲ.

ಒಳ್ಳೆಯ ಸುದ್ದಿಯೂ ಇದೆ. ಬಾಂಬೆ ಹೈಕೋರ್ಟ್ 2005ರಲ್ಲೇ ಕಾಂಡ್ಲಾ ಕಡಿಯುವುದನ್ನು ತಡೆದಿತ್ತು, 2018ರ ತೀರ್ಪಿನಲ್ಲಿ ಅದನ್ನು ಗಟ್ಟಿ ಮಾಡಿತು. 2022ರಲ್ಲಿ ಖಾಡಿ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿಗೂ ಸೇರಿತು. ಫ್ಲೆಮಿಂಗೋ ನೋಡಲು ಜನ ಬೋಟಿನಲ್ಲಿ ಬರುತ್ತಾರೆ. ಅವು ಆ ಕೆಸರನ್ನೇ ಸೋಸಿ ತಿನ್ನುವುದು, ಪಾಪ.

ಹಸಿರೇ ಉಸಿರು

ನಮ್ಮ ಅಘನಾಶಿನಿಯೂ 2024ರಲ್ಲಿ ರಾಮ್ಸಾರ್ ಆಯಿತು. ನಮ್ಮ ಕಡೆ ಮುಂಬೈಯಂಥ ಕೈಗಾರಿಕೆ ಇಲ್ಲ. ಸುಮ್ನೆ ಹೆದರಿಸಬೇಡಿ.

ರಸಾಯನ ಮೇಷ್ಟ್ರು

ಅಘನಾಶಿನಿ ಮಟ್ಟಿಗೆ ಸರಿ. ಉತ್ತರ ಕನ್ನಡಕ್ಕೆಲ್ಲ ಹಾಗೆ ಹೇಳಲಾಗದು. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿ ಪಾದರಸ ಸಿಕ್ಕಿದ್ದನ್ನು ಸಮುದ್ರ ವಿಜ್ಞಾನಿಗಳು 1990ರಲ್ಲೇ ಪ್ರಕಟಿಸಿದ್ದಾರೆ. ಆಗ ಆ ಉದ್ಯಮದಲ್ಲಿ ಪಾದರಸದ ಕೋಶ ಬಳಸುವುದು ಸಾಮಾನ್ಯವಾಗಿತ್ತು. ಈಗ ದೇಶದಲ್ಲಿ ಅದರ ಜಾಗಕ್ಕೆ ಪೊರೆಯ ತಂತ್ರ ಬಂದಿದೆ.

ಪಾದರಸದ ವಿಷಯ ಕೆಸರುಮನೆಯವರು ಎತ್ತಲೇ ಇಲ್ಲ. ಸಲ್ಫೇಟ್ ತಿನ್ನುವ ಅದೇ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ. ಜಪಾನಿನ ಮಿನಮಾಟಾದಲ್ಲಿ ಜನರನ್ನು ಕೊಂದ ವಿಷ ಅದೇ.

ಕೆಸರುಮನೆ

ಹೌದು, ಪಾದರಸಕ್ಕೆ ಬೇರೆ ಲೆಕ್ಕ. ಸೀಸ, ಸತುವನ್ನು ಕಟ್ಟಿಹಾಕುವ ಕಪ್ಪು ಕೆಸರೇ ಪಾದರಸವನ್ನು ಇನ್ನೂ ಅಪಾಯದ ರೂಪಕ್ಕೆ ತಿರುಗಿಸಬಲ್ಲದು. ಮೀಥೈಲ್ ಪಾದರಸ ಹುಳದಿಂದ ಏಡಿಗೆ, ಏಡಿಯಿಂದ ಮೀನಿಗೆ, ಮೀನಿನಿಂದ ನಮಗೆ ಹೋಗುತ್ತಾ ಪ್ರತಿ ಹಂತದಲ್ಲೂ ಏರುತ್ತದೆ. "ಕಾಂಡ್ಲಾ ಭಾರಲೋಹ ತೆಗೆಯುತ್ತದೆ" ಎಂದು ಎಲ್ಲ ಲೋಹವನ್ನೂ ಒಂದೇ ಗಂಟಿಗೆ ಕಟ್ಟುವುದು ನನಗೆ ಸರಿ ಕಾಣದಿರುವುದು ಇದಕ್ಕೇ.

ಬಳಚು ಸುಕ್ಕ

ಎಲ್ಲರೂ ಕೆಸರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ಅತ್ತೆ ಈಗಲೂ ಹೆಕ್ಕಲು ಹೋಗುತ್ತಾರೆ. ತಿನ್ನಬಹುದೋ ಬಾರದೋ ಅದು ಹೇಳಿ. ರಾತ್ರಿಯೆಲ್ಲ ನೀರಲ್ಲಿ ಬಿಟ್ಟು, ಮರಳು ಉಗುಳಿಸಿ, ಚೆನ್ನಾಗಿ ಬೇಯಿಸಿದರೆ ಸಾಕಾ?

ಕೆಸರುಮನೆ

ಅಕ್ಕ, ನೀರಲ್ಲಿ ಬಿಟ್ಟರೆ ಮರಳು, ಹೊಟ್ಟೆಯಲ್ಲಿನ ಕೆಸರು ಹೋಗುತ್ತದೆ. ಬೇಯಿಸಿದರೆ ರೋಗಾಣು ಸಾಯುತ್ತವೆ. ಮಾಂಸದೊಳಗೆ ಸೇರಿದ ಕ್ಯಾಡ್ಮಿಯಂ ಎರಡಕ್ಕೂ ಜಗ್ಗುವುದಿಲ್ಲ. ಬಳಚು ದಿನವಿಡೀ ನೀರು ಸೋಸಿ ತಿನ್ನುವ ಜೀವಿ, ನೀರಲ್ಲಿರುವ ಲೋಹ ಅದರ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಯುರೋಪಿನ ಒಕ್ಕೂಟ ಇಂಥ ಚಿಪ್ಪಿಗೆ ಹಸಿ ತೂಕದಲ್ಲಿ ಕಿಲೋಗೆ ಕ್ಯಾಡ್ಮಿಯಂ 1 ಮಿಲಿಗ್ರಾಂ, ಸೀಸ 1.5 ಮಿಲಿಗ್ರಾಂ ಎಂದು ಮಿತಿ ಇಟ್ಟಿದೆ.

ನಿಮ್ಮ ಜಾಗದ್ದು ಮಿತಿಯೊಳಗೆ ಇದೆಯೋ ಇಲ್ಲವೋ ಪರೀಕ್ಷೆ ಮಾಡದೆ ಯಾರೂ ಹೇಳಲಾರರು. ಹಾಗೆಂದು ಇಡೀ ನದಿಯ ಬಳಚು ಬಿಡಬೇಕಿಲ್ಲ. ಬೋಟ್ ಯಾರ್ಡಿನ ಬುಡದಲ್ಲಿ ಹೆಕ್ಕುವುದು ನಿಲ್ಲಿಸಿ, ದೂರದಲ್ಲಿ, ನೀರು ಚೆನ್ನಾಗಿ ಆಡುವ ಕಡೆ ಹೆಕ್ಕಲಿ. ಮಕ್ಕಳಿಗೆ, ಬಸುರಿಯರಿಗೆ ಯಾರ್ಡ್ ಪಕ್ಕದ್ದು ಬೇಡವೇ ಬೇಡ.

ಶರಾವತಿ ದಂಡೆ

ಸರ್, ಹಾಗಾದರೆ ನಾವೇ ಕೆಸರು ಪರೀಕ್ಷೆ ಮಾಡಿಸಬಹುದಾ? ಸಂಘದಲ್ಲಿ ಸ್ವಲ್ಪ ದುಡ್ಡಿದೆ.

ಕೆಸರುಮನೆ

ಮಾಡಿಸಿ. ಒಂದೇ ಜಾಗದ್ದು ಕಳಿಸಿದರೆ ದುಡ್ಡು ದಂಡ. ಯಾರ್ಡ್ ಬುಡ, ಸ್ವಲ್ಪ ಕೆಳಗೆ, ನೀವು ನೆಡುವ ಜಾಗ, ಮತ್ತೆ ಯಾವ ಗಲಾಟೆಯೂ ಇಲ್ಲದ ಮೇಲ್ಬದಿ, ಹೀಗೆ ನಾಲ್ಕಾದರೂ ಇರಲಿ. ಕಬ್ಬಿಣದ ಸನಿಕೆ ಬೇಡ, ಪ್ಲಾಸ್ಟಿಕ್ ಚಮಚದಲ್ಲಿ ತೆಗೆದು ಗಾಳಿ ಸೇರದ ಹಾಗೆ ಕಟ್ಟಿ, ತಣ್ಣಗೆ ಇಡಿ.

ಫಲಿತಾಂಶ ಬಂದ ಕೂಡಲೇ ಗಾಬರಿ ಬೀಳಬೇಡಿ. ನಮ್ಮದು ಜಂಬಿಟ್ಟಿಗೆ ನಾಡು. ಘಟ್ಟದ ಮಣ್ಣಿನಲ್ಲೇ ಕಬ್ಬಿಣ, ಕ್ರೋಮಿಯಂ ಸಹಜವಾಗಿ ಜಾಸ್ತಿ. ಅದಕ್ಕೇ ಅಲ್ಯೂಮಿನಿಯಂ ಸಹ ಅಳೆಸಿ, ಅದರ ಅನುಪಾತದಲ್ಲಿ ಜಾಗ-ಜಾಗಕ್ಕೆ ಹೋಲಿಸಬೇಕು. ಜೇಡಿ ಜಾಸ್ತಿ ಇರುವಲ್ಲಿ ಅಲ್ಯೂಮಿನಿಯಂ ಕೂಡ ಜಾಸ್ತಿ, ಹಾಗಾಗಿ ಸಣ್ಣ ಕಣದಿಂದ ಆಗುವ ಗೊಂದಲ ತಪ್ಪುತ್ತದೆ. ಒಂದು ಅಳತೆಗೋಲು ಬೇಕೆಂದರೆ, ಅಮೆರಿಕದವರು 1995ರಲ್ಲಿ ಕೊಟ್ಟ ಅಂಕಿಗಳಿವೆ. ಒಣ ಕೆಸರಿನಲ್ಲಿ ಕಿಲೋಗೆ ತಾಮ್ರ 34, ಸೀಸ 46.7, ಸತು 150, ಕ್ಯಾಡ್ಮಿಯಂ 1.2 ಮಿಲಿಗ್ರಾಂ. ಇದಕ್ಕಿಂತ ಕಡಿಮೆ ಇದ್ದರೆ ಕೆಸರಿನ ಜೀವಿಗಳಿಗೆ ತೊಂದರೆ ಅಪರೂಪ. ತಾಮ್ರ 270, ಸೀಸ 218 ದಾಟಿದರೆ ತೊಂದರೆ ಸಾಮಾನ್ಯ. ನಡುವೆ ಬಂದರೆ, ಲೋಹ ಯಾವ ರೂಪದಲ್ಲಿದೆ ಎಂದು ನೋಡಬೇಕಾಗುತ್ತದೆ.

ನಿಮ್ಮಲ್ಲಿ ಮೊದಲು ತಾಮ್ರ ನೋಡಿ. ಬೋಟಿನ ತಳಕ್ಕೆ ಚಿಪ್ಪು ಅಂಟದಂತೆ ಹೊಡೆಯುವ ಪೇಂಟಿನಲ್ಲಿ ಈಗ ಮುಖ್ಯವಾಗಿ ಇರುವುದು ತಾಮ್ರ. ಮೊದಲು ಬಳಸುತ್ತಿದ್ದ ತವರದ ಪೇಂಟ್ 2008ರಿಂದ ಅಂತರರಾಷ್ಟ್ರೀಯ ಒಪ್ಪಂದದಡಿ ನಿಷೇಧವಾಗಿದೆ. ಹಳೇ ಬೋಟಿನಲ್ಲಿ ಪದರ ಇನ್ನೂ ಇರಬಹುದು.

ಗಜನಿ ಗದ್ದೆ

ಯಾರ್ಡಿನವರಿಗೆ ಒಂದು ಮಾತು ಹೇಳಿ ನೋಡಿದ್ದೀರಾ? ಕೆರೆಯುವಾಗ ಕೆಳಗೆ ಟಾರ್ಪಾಲ್ ಹಾಸಿದರೆ ಪುಡಿ ಎಲ್ಲ ಒಟ್ಟು ಮಾಡಬಹುದು. ಹಳೇ ಬ್ಯಾಟರಿಗೆ ಗುಜರಿಯವ ದುಡ್ಡೇ ಕೊಡುತ್ತಾನೆ.

ಶರಾವತಿ ದಂಡೆ

ಅವರೂ ನಮ್ಮೂರವರೇ. ಟಾರ್ಪಾಲ್ ಸಂಘದಿಂದಲೇ ಕೊಡಿಸಿದರೆ ಬೇಡ ಅನ್ನಲಿಕ್ಕಿಲ್ಲ. ಅರ್ಜಿಯ ವಾಕ್ಯವನ್ನು ಹೀಗೆ ಬದಲಿಸಿದ್ದೇನೆ: "ಕಾಂಡ್ಲಾ ಕಾಡು ದಂಡೆಯ ಕೆಸರನ್ನು ಹಿಡಿದಿಟ್ಟು, ಅದರಲ್ಲಿ ಸೇರಿದ ಲೋಹ ಹರಡದಂತೆ ತಡೆಯಲು ನೆರವಾಗುತ್ತದೆ. ಬೋಟ್ ರಿಪೇರಿಯ ತ್ಯಾಜ್ಯ ನೀರಿಗೆ ಬೀಳದಂತೆ ಮಾಡುವುದೂ ಈ ಯೋಜನೆಯ ಭಾಗ."

ಹಸಿರೇ ಉಸಿರು

ಇಷ್ಟು ಮೆತ್ತಗೆ ಬರೆದರೆ ದುಡ್ಡು ಕೊಡುವವರಿಗೆ ನಾಟುತ್ತದಾ? ನನಗೆ ಈಗಲೂ ಮೊದಲಿನದ್ದೇ ಇಷ್ಟ.

ವಾಶಿ ಕನ್ನಡಿಗ

ಮೊದಲಿನದ್ದು ಓದಿ ಯಾರಾದರೂ "ಕಾಂಡ್ಲಾ ಇದೆಯಲ್ಲ, ಅದು ಶುದ್ಧ ಮಾಡಿಕೊಳ್ಳುತ್ತದೆ" ಎಂದು ಪೈಪ್ ಇಟ್ಟರೆ? ಇಲ್ಲಿ ಆ ವಾದ ನಾನು ಕೇಳಿದ್ದೇನೆ.

ಶರಾವತಿ ದಂಡೆ

ಕೊನೆಗೆ ಒಂದು. ಜಾತಿ ಯಾವುದು ಅಂತ ಯಾರೂ ಹೇಳಲಿಲ್ಲ!

ಕೆಸರುಮನೆ

ಲೋಹ ನೋಡಿ ಜಾತಿ ಆರಿಸಬೇಡಿ. ನಿಮ್ಮ ದಂಡೆಯಲ್ಲೇ ಈಗ ಯಾವುದು ತಾನಾಗಿ ಬೆಳೆದಿದೆ, ಎಷ್ಟು ಎತ್ತರದಲ್ಲಿ ಬೆಳೆದಿದೆ ಎಂದು ನೋಡಿ ಅದನ್ನೇ ಹಾಕಿ. ದಿನವೂ ಮುಳುಗುವ ಮೆತ್ತನೆ ಕೆಸರಿಗೆ ರೈಜೋಫೋರಾದ ಉದ್ದ ಕೋಡುಗಳು, ಅಂದರೆ ಮರದಲ್ಲೇ ಮೊಳೆತ ಸಸಿಗಳು. ಯಾರ್ಡಿನ ಬುಡ ಬಿಟ್ಟು ಸ್ವಲ್ಪ ಕೆಳಗಿನಿಂದ ಶುರು ಮಾಡಿ. ಕೋಡನ್ನು ಕೈಯಲ್ಲೇ ಚುಚ್ಚಿದರೆ ಸಾಕು, ಗುಂಡಿ ತೋಡಬೇಕಿಲ್ಲ. ಅರಣ್ಯ ಇಲಾಖೆಯವರಿಗೆ ತಿಳಿಸಿಯೇ ನೆಡಿ. ಕೆಸರಿನ ಫಲಿತಾಂಶ ಬಂದ ಮೇಲೆ ಇಲ್ಲೇ ಹಾಕಿ, ಅಲ್ಯೂಮಿನಿಯಂ ಅಂಕಿ ಮರೆಯಬೇಡಿ.